ಕತ್ತು ವಾಲಿದ ಮಗುವಿಗೆ ಯಾವ ಚಿಕಿತ್ಸೆ, ಯಾವ ವಯಸ್ಸಿಗೆ? ವ್ಯಾಯಾಮ, ಹೆಲ್ಮೆಟ್, ಆಪರೇಷನ್, ಹಲ್ಲಿನ ಕ್ಲಿಪ್‌ಗಳ ಹೋಲಿಕೆ

ಮಗುವಿನ ತಲೆ ಸದಾ ಒಂದೇ ಕಡೆ ವಾಲಿರುತ್ತದೆ. ಮಕ್ಕಳ ವೈದ್ಯರು ಕತ್ತಿನ ವ್ಯಾಯಾಮ ಮಾಡಿಸಿ ಎನ್ನುತ್ತಾರೆ. ಪರಿಚಯದವರೊಬ್ಬರು ಹೆಲ್ಮೆಟ್ ಹಾಕಿಸಿ, ತಲೆ ದುಂಡಗಾಗುತ್ತೆ ಎನ್ನುತ್ತಾರೆ. ಇನ್ನೊಂದು ಕಡೆಯಿಂದ ಆಪರೇಷನ್ ಮಾತು ಬರುತ್ತದೆ. ಹಲ್ಲಿನ ಡಾಕ್ಟರನ್ನು ಕೇಳಿದರೆ ಏಳು ವರ್ಷ ತುಂಬಲಿ ಎಂಬ ಉತ್ತರ. ಮನೆಯ ಹಿರಿಯರಂತೂ ಬೆಳೀತಾ ಬೆಳೀತಾ ತಾನಾಗೇ ನೆಟ್ಟಗಾಗುತ್ತೆ ಬಿಡಿ ಎಂದು ಮಾತು ಮುಗಿಸುತ್ತಾರೆ. ಹಿರಿಯರದು ಅರ್ಧ ನಿಜ. ಉಳಿದ ನಾಲ್ಕೂ ಸರಿಯಾದ ಮಾತುಗಳೇ, ಆದರೆ ಒಂದೊಂದೂ ಬೇರೆ ಬೇರೆ ವಯಸ್ಸಿಗೆ, ಬೇರೆ ಬೇರೆ ಅಂಗಕ್ಕೆ ಸಲ್ಲುವಂಥವು. ಒಂದಕ್ಕೆ ಇನ್ನೊಂದು ಬದಲಿ ಎಂದುಕೊಂಡಾಗ ದುಡ್ಡೂ ಹೋಗುತ್ತದೆ, ಮತ್ತೆ ಸಿಗದ ತಿಂಗಳುಗಳೂ ಹೋಗುತ್ತವೆ.

ಕತ್ತಿನ ಸ್ನಾಯುವಿಗೂ ಹಲ್ಲಿಗೂ ಏನು ಸಂಬಂಧ?

ಕಿವಿಯ ಹಿಂದಿನ ಉಬ್ಬು ಮೂಳೆಯಿಂದ ಹೊರಟು, ಕತ್ತಿನ ಪಕ್ಕದಲ್ಲಿ ಓರೆಯಾಗಿ ಇಳಿದು, ಎದೆಮೂಳೆಗೂ ಕೊರಳೆಲುಬಿಗೂ ಅಂಟಿಕೊಳ್ಳುವ ಪಟ್ಟಿಯಂಥ ಸ್ನಾಯುವೊಂದಿದೆ. ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಎಂದು ಅದರ ಹೆಸರು. ಹುಟ್ಟಿನಿಂದಲೇ ಇದು ಒಂದು ಕಡೆ ಗಿಡ್ಡವಾಗಿದ್ದರೆ ಅದೇ ಟಾರ್ಟಿಕಾಲಿಸ್. ಕೆಲವು ಮಕ್ಕಳಲ್ಲಿ ಹುಟ್ಟಿದ ಎರಡು ಮೂರು ವಾರಕ್ಕೆ ಸ್ನಾಯುವಿನೊಳಗೆ ನೆಲ್ಲಿಕಾಯಿಯಷ್ಟು ಗಟ್ಟಿ ಗಂಟು ಕೈಗೆ ಸಿಗುತ್ತದೆ. ಅದು ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಕರಗುತ್ತದೆ. ಆದರೆ ಗಂಟು ಇರುವ ಬಗೆಯಲ್ಲಿ ಸ್ನಾಯು ನಾರುಗಟ್ಟುವ ಸಂಭವ ಹೆಚ್ಚು, ಆದ್ದರಿಂದ ಚಿಕಿತ್ಸೆಯೂ ಉದ್ದ.

ಬಲಗಡೆ ಬಿಗಿ ಎಂದಿಟ್ಟುಕೊಳ್ಳಿ. ಮುಂದೆಲ್ಲ ಇದೇ ಉದಾಹರಣೆ. ನಿಮ್ಮ ಮಗುವಿಗೆ ಎಡಗಡೆಯಾದರೆ ತಿರುಗಿಸಿ ಓದಿಕೊಳ್ಳಿ. ತಲೆ ಬಲಕ್ಕೆ ವಾಲುತ್ತದೆ, ಗದ್ದ ಎಡಕ್ಕೆ ತಿರುಗುತ್ತದೆ. ಅಂಗಾತ ಮಲಗಿದಾಗ ಭಾರವೆಲ್ಲ ಹಿಂದಲೆಯ ಎಡಭಾಗದ ಮೇಲೆ ಬೀಳುತ್ತದೆ. ಅಲ್ಲಿ ಚಪ್ಪಟೆ, ಎಡಗಿವಿ ಮುಂದಕ್ಕೆ, ಎಡ ಹಣೆ ಉಬ್ಬು. ಬಲಗಡೆ ನಡೆಯುವುದು ಬೇರೆ ಕಥೆ: ಕೆನ್ನೆ ಕುಗ್ಗಿದಂತೆ ಕಾಣುತ್ತದೆ, ಕಣ್ಣು ಸ್ವಲ್ಪ ಕೆಳಗಿಳಿಯುತ್ತದೆ, ಕೆಳದವಡೆಯ ಹಿಂದಿನ ನಿಲುವು ಭಾಗ ಎಡಕ್ಕಿಂತ ಗಿಡ್ಡವಾಗುತ್ತದೆ. ಹಲ್ಲಿಲ್ಲದ ಶಿಶುವಿನಲ್ಲೂ ಇದು ಕಾಣುತ್ತದೆ. ಮಗು ಅಳುವಾಗ ಬಾಯೊಳಗೆ ನೋಡಿ, ಮೇಲಿನ ವಸಡಿಗೂ ಕೆಳಗಿನ ವಸಡಿಗೂ ನಡುವಿನ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಮೊಲೆ ಕಚ್ಚಲು ಒಂದು ಕಡೆ ಕಷ್ಟಪಡುವ ಮಗುವಿಗೆ ಕೆಲವೊಮ್ಮೆ ಇದೇ ಕಾರಣ.

ಬಿಗಿ ಉಳಿದುಕೊಂಡರೆ ದವಡೆ ಆ ಓರೆಯಲ್ಲೇ ಬೆಳೆಯುತ್ತದೆ. ಗದ್ದ ಬಲಕ್ಕೆ ಸರಿಯುತ್ತದೆ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುಗೆರೆ ಕೂಡುವುದಿಲ್ಲ, ಹಲ್ಲಿನ ಸಾಲು ಬಲಕ್ಕೆ ಏರುತ್ತದೆ, ಒಂದು ಕಡೆ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಒಳಗೆ ಬೀಳುವ ಕ್ರಾಸ್‌ಬೈಟ್ ಬರಬಹುದು. ಒಂದು ನೇರ ಫೋಟೋದಲ್ಲಿ ಎರಡು ಕಣ್ಣುಗಳನ್ನು ಸೇರಿಸಿ ಒಂದು ಗೆರೆ, ಬಾಯಿಯ ಎರಡು ತುದಿಗಳನ್ನು ಸೇರಿಸಿ ಇನ್ನೊಂದು ಗೆರೆ ಎಳೆಯಿರಿ. ಸಮಾನಾಂತರವಾಗಿದ್ದರೆ ಬರೀ ತಲೆ ವಾಲಿದೆ. ಬಿಗಿಯಿರುವ ಕಡೆಗೆ ಹತ್ತಿರವಾಗುತ್ತ ಹೋದರೆ ಮುಖದ ಮೂಳೆಯೂ ಪಾಲು ತೆಗೆದುಕೊಂಡಿದೆ ಎಂದರ್ಥ. ಮೂರು ತಿಂಗಳಿಗೊಮ್ಮೆ ಇದೇ ಗೆರೆ ಎಳೆದರೆ ನಿಮ್ಮ ಕಣ್ಣಂದಾಜಿಗಿಂತ ನಂಬಿಕಸ್ಥ ದಾಖಲೆ ಸಿಗುತ್ತದೆ.

ಯಾವ ಅಳತೆಗೋಲಿನಲ್ಲಿ ತೂಗಬೇಕು

ಮೊದಲನೆಯದು ವಯಸ್ಸು, ಅಂದರೆ ಇನ್ನೆಷ್ಟು ಬೆಳವಣಿಗೆ ಬಾಕಿಯಿದೆ ಎಂಬುದು. ಹುಟ್ಟಿದಾಗ ಸುಮಾರು 35 ಸೆಂ.ಮೀ. ಇದ್ದ ತಲೆಯ ಸುತ್ತಳತೆ ಆರು ತಿಂಗಳಿಗೆ 43, ವರ್ಷಕ್ಕೆ 46 ಆಗುತ್ತದೆ. ಮೊದಲ ವರ್ಷದ ಹನ್ನೊಂದು ಸೆಂ.ಮೀ.ನಲ್ಲಿ ಎಂಟು ಮೊದಲರ್ಧದಲ್ಲೇ ಮುಗಿದುಹೋಗುತ್ತವೆ. ಕೆಳದವಡೆ ಇದಕ್ಕೆ ತದ್ವಿರುದ್ಧ, ಹದಿಹರೆಯ ಮುಗಿಯುವವರೆಗೂ ಬೆಳೆಯುತ್ತದೆ. ತಲೆಬುರುಡೆಗೆ ಅವಸರ, ದವಡೆಗೆ ಅವಕಾಶ.

ಎರಡನೆಯದು, ಓರೆಯಾಗಿರುವುದು ಯಾವುದು: ಸ್ನಾಯುವೋ, ಬುರುಡೆಯೋ, ದವಡೆಯೋ, ಬರೀ ಹಲ್ಲೋ. ಮೂರನೆಯದು ಎಷ್ಟು ಓರೆ. ಶಿಶುವಿನ ಕತ್ತು ಪ್ರತಿ ಕಡೆಗೂ ಸುಮಾರು 110 ಡಿಗ್ರಿ ತಿರುಗಬೇಕು, ಅಂದರೆ ಗದ್ದ ಭುಜವನ್ನು ದಾಟಬೇಕು. ಪಕ್ಕಕ್ಕೆ ಸುಮಾರು 70 ಡಿಗ್ರಿ ಬಾಗಬೇಕು. ಮುಖ್ಯವಾದದ್ದು ಎರಡು ಕಡೆಗಳ ವ್ಯತ್ಯಾಸ. ಬುರುಡೆಗೆ ಬೇರೆ ಲೆಕ್ಕ: ತಲೆಯ ಎರಡು ಕರ್ಣಗಳನ್ನು, ಅಂದರೆ ಹಣೆಯ ಒಂದು ಬದಿಯಿಂದ ಹಿಂದಲೆಯ ಎದುರು ಬದಿಗೆ ಓರೆಯಾಗಿ ಹಾಯುವ ಉದ್ದಗಳನ್ನು ಅಳೆದು, ವ್ಯತ್ಯಾಸವನ್ನು ದೊಡ್ಡ ಕರ್ಣದಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. 140 ಮತ್ತು 130 ಮಿ.ಮೀ. ಬಂದರೆ ಶೇ. 7.1. ಹೆಚ್ಚು ಬಳಕೆಯಲ್ಲಿರುವ ಮಾಪಕದಲ್ಲಿ 3.5ರೊಳಗೆ ಸಹಜ, 6.25ರವರೆಗೆ ಸೌಮ್ಯ, 8.75ರವರೆಗೆ ಮಧ್ಯಮ, ಅದರಾಚೆಗೆ ತೀವ್ರ.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಮನೆಯವರ ಕೈಲಿ ಏನು ನಡೆಯುತ್ತದೆ. ದಿನಕ್ಕೆ ಐದಾರು ಸಲ ವ್ಯಾಯಾಮ ಮಾಡಿಸಲು ಮನೆಯಲ್ಲಿ ಜನ ಇದ್ದಾರೆಯೇ? ಎರಡು ಮೂರು ವಾರಕ್ಕೊಮ್ಮೆ ಹೆಲ್ಮೆಟ್ ತಪಾಸಣೆಗೆ ಹೋಗಿಬರಲು ಆಗುತ್ತದೆಯೇ? ಚಿಕಿತ್ಸೆ ಎಷ್ಟು ಒಳ್ಳೆಯದಾದರೂ ನಡುವೆ ಕೈಬಿಟ್ಟರೆ ಅದು ಆರಿಸಿಕೊಳ್ಳಬಾರದಿದ್ದ ಚಿಕಿತ್ಸೆ.

ಆರಿಸುವ ಮೊದಲು

ವಾಲಿದ ಕತ್ತೆಲ್ಲ ಸ್ನಾಯುವಿನದಲ್ಲ. ಕತ್ತಿನ ಮೂಳೆಗಳು ಕೂಡಿಕೊಂಡಿದ್ದರೆ, ಬುರುಡೆಯ ಮೂಳೆಗಳ ನಡುವಿನ ಸಂದು ಬೇಗ ಮುಚ್ಚಿಕೊಂಡಿದ್ದರೆ, ಕಣ್ಣಿನ ಸ್ನಾಯು ಸೋತು ಎರಡೆರಡು ಕಾಣುವುದನ್ನು ತಪ್ಪಿಸಿಕೊಳ್ಳಲು ಮಗು ತಲೆ ವಾಲಿಸುತ್ತಿದ್ದರೆ, ವ್ಯಾಯಾಮದಿಂದ ಏನೂ ಆಗದು; ಕೆಲವೊಮ್ಮೆ ಅಪಾಯವೂ ಹೌದು. ಆರು ತಿಂಗಳ ನಂತರ ಹೊಸದಾಗಿ ಶುರುವಾದದ್ದು, ಜ್ವರ ಅಥವಾ ಗಂಟಲುಬೇನೆಯ ಬೆನ್ನಿಗೇ ಬಂದದ್ದು, ನೋವು, ವಾಂತಿ, ನಡಿಗೆ ತಪ್ಪುವುದು, ಕತ್ತು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ವಾಲುವುದು: ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರ ಪರೀಕ್ಷೆ, ಆಮೇಲೆ ಉಳಿದದ್ದು. ಡೌನ್ ಸಿಂಡ್ರೋಮ್ ಇರುವ ಮಗುವಿನ ಕತ್ತನ್ನು ವೈದ್ಯರು ಹೇಳದೆ ಎಳೆಯಲೇಬಾರದು, ಮೇಲಿನ ಎರಡು ಕತ್ತುಮೂಳೆಗಳ ನಡುವೆ ಸಡಿಲವಿರಬಹುದು. ಟಾರ್ಟಿಕಾಲಿಸ್ ಇದ್ದ ಶಿಶುವಿನ ಸೊಂಟದ ಕೀಲನ್ನೂ ನೋಡಿಸಿ. ಎರಡೂ ಜೊತೆಯಾಗಿ ಬರುವುದುಂಟು, ಎಳೆಯ ತಿಂಗಳುಗಳಲ್ಲಿ ಅಲ್ಟ್ರಾಸೌಂಡ್ ಸಾಕು.

ವ್ಯಾಯಾಮ ಮತ್ತು ಮಲಗಿಸುವ, ಎತ್ತುವ ರೀತಿ

ಸ್ನಾಯುವಿನ ಬಿಗಿಗೆ ಮೊದಲ ಆಯ್ಕೆ ಇದೇ, ಅದರಲ್ಲಿ ತಕರಾರಿಲ್ಲ. ಒಂದು ತಿಂಗಳು ತುಂಬುವ ಮೊದಲೇ ಶುರುಮಾಡಿದವರಲ್ಲಿ ಶೇ. 98ರಷ್ಟು ಮಕ್ಕಳ ಕತ್ತು ಸುಮಾರು ಒಂದೂವರೆ ತಿಂಗಳಲ್ಲಿ ಪೂರ್ತಿ ತಿರುಗುತ್ತದೆ. ತಿಂಗಳು ಕಳೆದ ಮೇಲೆ ಶುರುವಾದರೆ ಸುಮಾರು ಆರು ತಿಂಗಳು ಬೇಕು. ಆರು ತಿಂಗಳ ವಯಸ್ಸಿನ ನಂತರವಾದರೆ ಒಂಬತ್ತು ಹತ್ತು ತಿಂಗಳು, ಅದೂ ಎಲ್ಲರಿಗೂ ಪೂರ್ತಿ ಫಲವಿಲ್ಲ. ಕಾದು ನೋಡೋಣ ಎನ್ನುವುದರ ಬೆಲೆ ಇದು.

ಬಲಗಡೆ ಬಿಗಿಯಿದ್ದರೆ ಎರಡು ಎಳೆತ. ಒಂದು: ಬಲಭುಜವನ್ನು ಅಂಗೈಯಲ್ಲಿ ಮೆಲ್ಲಗೆ ಒತ್ತಿಹಿಡಿದು, ಇನ್ನೊಂದು ಕೈಯನ್ನು ತಲೆಯ ಹಿಂದೆ ಬಟ್ಟಲಿನಂತೆ ಇಟ್ಟು ಎಡಗಿವಿಯನ್ನು ಎಡಭುಜದ ಕಡೆಗೆ ಬಾಗಿಸುವುದು. ಎರಡು: ಗದ್ದವನ್ನು ಬಲಭುಜದ ಕಡೆಗೆ ತಿರುಗಿಸುವುದು. ಪ್ರತಿಯೊಂದನ್ನೂ 15ರಿಂದ 30 ಸೆಕೆಂಡು ಹಿಡಿದು, ಮೂರರಿಂದ ಐದು ಸಲ, ದಿನಕ್ಕೆ ಐದಾರು ಬಾರಿ. ಡೈಪರ್ ಬದಲಿಸಿದಾಗಲೆಲ್ಲ ಒಂದು ಸುತ್ತು ಎಂದುಕೊಂಡರೆ ಮರೆಯುವುದಿಲ್ಲ. ಕೈ ಕತ್ತಿನ ಮೇಲಲ್ಲ, ತಲೆಯ ಮೇಲಿರಬೇಕು. ಹಾಲು ಕುಡಿಸಿದ ಕೂಡಲೆ ಬೇಡ. ಮಗು ಸೆಟೆದು ವಿರೋಧಿಸಿದರೆ, ಬಣ್ಣ ಬದಲಾದರೆ, ಉಸಿರು ಕಟ್ಟಿದಂತಾದರೆ ಅಲ್ಲಿಗೇ ಬಿಡಿ. ಮೊದಲ ಸಲ ಫಿಸಿಯೋಥೆರಪಿಸ್ಟರ ಎದುರೇ ಮಾಡಿ ತೋರಿಸಿ. ವಿಡಿಯೋ ನೋಡಿ ಕಲಿತವರು ಸಾಮಾನ್ಯವಾಗಿ ಭುಜ ಹಿಡಿಯುವುದನ್ನೇ ಮರೆಯುತ್ತಾರೆ. ತಲೆಯ ಜೊತೆ ಭುಜವೂ ಬರುತ್ತದೆ, ಸ್ನಾಯು ಒಂದಿಷ್ಟೂ ಉದ್ದವಾಗುವುದಿಲ್ಲ.

ಎಳೆತಕ್ಕಿಂತ ಹೆಚ್ಚು ಕೆಲಸ ಮಾಡುವುದು ದಿನವಿಡೀ ನಡೆಯುವ ಸಣ್ಣ ಸಂಗತಿಗಳು. ಎತ್ತಿಕೊಳ್ಳುವಾಗ ಮಗುವನ್ನು ಬಲಮಗ್ಗುಲು ಕೆಳಗಾಗಿ ಹಿಡಿದು, ನಿಮ್ಮ ಮುಂಗೈ ಅದರ ಬಲಗಿವಿ ಮತ್ತು ಬಲಭುಜದ ನಡುವೆ ಇರಲಿ. ತಲೆಯನ್ನು ತಾನೇ ಎತ್ತಲು ಹೋಗಿ ಸೋತ ಎಡಗಡೆ ಬಲಗೊಳ್ಳುತ್ತದೆ. ಬಾಗಿಲು, ಬೆಳಕು, ನಿಮ್ಮ ಮುಖ ಎಲ್ಲ ಮಗುವಿನ ಬಲಕ್ಕೆ ಬರುವಂತೆ ಹಾಸಿಗೆಯ ದಿಕ್ಕು ಬದಲಿಸಿ. ಎಚ್ಚರವಿರುವಾಗ ಬೋರಲು ಮಲಗಿಸಿ. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ, ಆಮೇಲೆ ಹೆಚ್ಚಿಸುತ್ತ ಹೋಗಿ. ನಿದ್ದೆ ಮಾತ್ರ ಅಂಗಾತವೇ. ತಲೆ ದುಂಡಗೆ ಮಾಡುತ್ತೇವೆಂದು ಮಾರುವ ದಿಂಬುಗಳನ್ನು ಮುಟ್ಟಬೇಡಿ. ಉಸಿರುಕಟ್ಟುವ ಅಪಾಯವಿದೆ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಇವುಗಳ ಬಗ್ಗೆ ಎಚ್ಚರಿಕೆ ಹೊರಡಿಸಿದೆ.

ಖರ್ಚು ಕಡಿಮೆ, ಶ್ರಮ ಹೆಚ್ಚು. ನಾಲ್ಕರಿಂದ ಆರು ವಾರದಲ್ಲಿ ಏನೂ ಬದಲಾಗದಿದ್ದರೆ ಅದೇ ವ್ಯಾಯಾಮವನ್ನು ಮುಂದುವರಿಸದೆ ಮರುಪರೀಕ್ಷೆ ಕೇಳಿ. ಎರಡು ಕಡೆಗಳ ತಿರುಗುವಿಕೆಯ ವ್ಯತ್ಯಾಸ 5 ಡಿಗ್ರಿಯೊಳಗೆ ಬಂದು, ವಾಲು ಕಾಣದಂತಾದರೆ ನಿಲ್ಲಿಸಬಹುದು. ನಡೆಯಲು ಕಲಿತಾಗ ಇನ್ನೊಮ್ಮೆ ತೋರಿಸಿ, ಆಗ ವಾಲು ಮರುಕಳಿಸುವುದಿದೆ.

ಕಾಲರ್, ಟೇಪು, ಬೊಟುಲಿನಮ್ ಚುಚ್ಚುಮದ್ದು

ಕತ್ತು ನಿಂತ, ನಾಲ್ಕು ತಿಂಗಳು ದಾಟಿದ ಮಗುವಿಗೆ, ತಿರುಗುವಿಕೆ ಸರಿಹೋಗಿಯೂ ವಾಲು ಉಳಿದಿದ್ದರೆ ಮೃದು ಕೊಳವೆಯ ಕಾಲರ್ ನೆರವಾಗಬಹುದು. ಎಚ್ಚರವಿದ್ದಾಗ, ದೊಡ್ಡವರ ಕಣ್ಣೆದುರು ಮಾತ್ರ. ಚರ್ಮಕ್ಕೆ ಅಂಟಿಸುವ ಟೇಪಿನಿಂದ ಹೆಚ್ಚಿನ ಲಾಭವಿದೆ ಎನ್ನಲು ಆಧಾರ ತೆಳು. ವ್ಯಾಯಾಮಕ್ಕೆ ಬದಲಿಯಾಗಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಬೊಟುಲಿನಮ್ ಬಿಗಿಯಾದ ಸ್ನಾಯುವನ್ನು ಸುಮಾರು ಮೂರು ತಿಂಗಳು ಸಡಿಲಿಸುತ್ತದೆ, ಆ ಅವಧಿಯಲ್ಲಿ ವ್ಯಾಯಾಮ ಜೋರಾಗಿ ನಡೆಯಬೇಕು. ನಾರುಗಟ್ಟಿದ ಪಟ್ಟಿಯ ಮೇಲೆ ಅದರ ಆಟ ನಡೆಯುವುದಿಲ್ಲ, ನುಂಗಲು ತಾತ್ಕಾಲಿಕ ತೊಂದರೆಯಾಗಬಹುದು. ಆಪರೇಷನ್ ತಪ್ಪಿಸುವ ಕೊನೆಯ ಪ್ರಯತ್ನವಾಗಿ, ಇದರಲ್ಲಿ ಪಳಗಿದ ಕೈಯವರಿದ್ದರೆ ಮಾತ್ರ.

ಹೆಲ್ಮೆಟ್

ಇದು ತಲೆಯನ್ನು ಒತ್ತಿ ನೆಟ್ಟಗೆ ಮಾಡುವುದಿಲ್ಲ. ಉಬ್ಬಿದ ಕಡೆ ತಾಗಿಕೊಂಡು, ಚಪ್ಪಟೆಯಾದ ಕಡೆ ಜಾಗ ಬಿಡುತ್ತದೆ. ಬೆಳೆಯುವ ಮಿದುಳು ಆ ಜಾಗವನ್ನು ತುಂಬುತ್ತದೆ. ಹಾಗಾಗಿ ಬೆಳವಣಿಗೆ ವೇಗವಾಗಿರುವ ನಾಲ್ಕರಿಂದ ಆರು ತಿಂಗಳಲ್ಲಿ ಹಾಕಿದರೆ ಫಲ ಚೆನ್ನ, ವರ್ಷ ದಾಟಿದ ಮೇಲೆ ಕೊಟ್ಟ ದುಡ್ಡಿಗೆ ಸಿಗುವುದು ಬಹಳ ಕಡಿಮೆ. ದಿನಕ್ಕೆ 23 ಗಂಟೆ, ಮೂರರಿಂದ ಆರು ತಿಂಗಳು. ಮಿಕ್ಕ ಒಂದು ಗಂಟೆ ಸ್ನಾನಕ್ಕೆ, ಒಳಗಿನ ಬೆವರು ಒರೆಸಿ ಒಣಗಿಸಲು. ತೆಗೆದ ಮೇಲೆ ಚರ್ಮದ ಕೆಂಪು ಒಂದು ಗಂಟೆಯಲ್ಲಿ ಹೋಗದಿದ್ದರೆ ಅಳತೆ ತಪ್ಪಿದೆ, ಸರಿಮಾಡಿಸುವವರೆಗೆ ಮತ್ತೆ ಹಾಕಬೇಡಿ.

ಸಾಕ್ಷ್ಯ ಒಂದೇ ದಿಕ್ಕಿನದಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 84 ಶಿಶುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷದ ಹೊತ್ತಿಗೆ ಪೂರ್ತಿ ಸರಿಹೋದವರು ಹೆಲ್ಮೆಟ್ ಗುಂಪಿನಲ್ಲಿ ಶೇ. 26, ಹಾಗೇ ಬಿಟ್ಟವರಲ್ಲಿ ಶೇ. 23. ಹೆಲ್ಮೆಟ್ ಬೇಡವೆನ್ನುವವರು ಇದನ್ನೇ ತೋರಿಸುತ್ತಾರೆ. ಆದರೆ ಆ ಪ್ರಯೋಗದಲ್ಲಿ ಟಾರ್ಟಿಕಾಲಿಸ್ ಇದ್ದ ಮಕ್ಕಳನ್ನು ಸೇರಿಸಿಕೊಂಡೇ ಇರಲಿಲ್ಲ; ಆದ್ದರಿಂದ ನಿಮ್ಮ ಮಗುವಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಅಮೆರಿಕದ ನರಶಸ್ತ್ರಚಿಕಿತ್ಸಕರ 2016ರ ಮಾರ್ಗಸೂಚಿ, ಮಲಗಿಸುವ ರೀತಿ ಬದಲಿಸಿಯೂ ಮಧ್ಯಮದಿಂದ ತೀವ್ರ ಓರೆ ಉಳಿದವರಿಗೆ ಹೆಲ್ಮೆಟ್ ಸಲಹೆ ಮಾಡುತ್ತದೆ. ನಮ್ಮ ಅಭಿಪ್ರಾಯ ಹೀಗೆ: ಅಳತೆ ಶೇ. 6.25ರೊಳಗಿದ್ದರೆ ಬೇಡ, 8.75 ದಾಟಿ, ಮಗುವಿಗೆ ಎಂಟು ತಿಂಗಳೊಳಗಿದ್ದರೆ ಹಾಕಿಸಿ. ನಡುವಿನದ್ದಕ್ಕೆ ಎರಡು ತಿಂಗಳ ಶಿಸ್ತಿನ ವ್ಯಾಯಾಮದ ನಂತರ ಮತ್ತೆ ಅಳೆದು ನಿರ್ಧರಿಸಿ. ಕತ್ತಿನ ಬಿಗಿ ಹಾಗೇ ಇರುವಾಗ ಬರೀ ಹೆಲ್ಮೆಟ್ ಹಾಕಿಸುವುದು ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ. ಇನ್ನೊಂದು ಮಾತು: ಹೆಲ್ಮೆಟ್ ದವಡೆಗೆ ಏನೂ ಮಾಡುವುದಿಲ್ಲ. ಮುಂದೆ ಹಲ್ಲು ಸರಿಹೋಗುತ್ತೆ ಎಂಬ ಆಸೆಗೆ ಯಾರೂ ಇದನ್ನು ಕೊಳ್ಳಬಾರದು.

ಆಪರೇಷನ್

ಕನಿಷ್ಠ ಆರು ತಿಂಗಳು ನಿಯತ್ತಾಗಿ ವ್ಯಾಯಾಮ ಮಾಡಿಸಿಯೂ ಕತ್ತಿನ ತಿರುಗುವಿಕೆಯಲ್ಲಿ 15 ಡಿಗ್ರಿಗಿಂತ ಹೆಚ್ಚು ಕೊರತೆ ಉಳಿದಿದ್ದರೆ, ಕತ್ತಿನಲ್ಲಿ ಹಗ್ಗದಂಥ ಪಟ್ಟಿ ಬೆರಳಿಗೆ ತಾಗಿದರೆ, ಇದರ ಸರದಿ. ಸಾಮಾನ್ಯವಾಗಿ ಒಂದು ವರ್ಷ ತುಂಬಿದ ಮೇಲೆ. ಸ್ನಾಯುವಿನ ಕೆಳತುದಿಯನ್ನು ಮಾತ್ರ ಬಿಡಿಸುವುದು ಒಂದು ವಿಧಾನ: ಗಾಯ ಚಿಕ್ಕದು, ಸೌಮ್ಯ ಪ್ರಕರಣಕ್ಕೂ ಚಿಕ್ಕ ಮಕ್ಕಳಿಗೂ ಸಾಕು. ದೊಡ್ಡ ಮಕ್ಕಳಲ್ಲಿ, ಬಿಗಿ ತೀವ್ರವಿದ್ದಾಗ ಕಿವಿಯ ಹಿಂದಿನ ಮೇಲ್ತುದಿಯನ್ನೂ ಬಿಡಿಸುತ್ತಾರೆ. ಅಲ್ಲಿ ಮುಖದ ನರ ಹತ್ತಿರದಲ್ಲೇ ಇದೆ, ಭುಜ ಎತ್ತುವ ನರ ಸ್ನಾಯುವಿನೊಳಗೇ ಹಾಯುತ್ತದೆ. ಇಂಥವನ್ನು ಆಗಾಗ ಮಾಡುವ ಸರ್ಜನ್ನರನ್ನೇ ಹುಡುಕಿ. ಸ್ನಾಯು ಪೂರ್ತಿ ಕತ್ತರಿಸಿಬಿಟ್ಟರೆ ಗಂಟಲ ಬುಡದ ವಿ ಆಕಾರ ಒಂದು ಕಡೆ ಅಳಿಸಿಹೋಗುತ್ತದೆ. ಅದನ್ನು ಉಳಿಸಲು ಕೆಳತುದಿಯನ್ನು ಕತ್ತರಿಸುವ ಬದಲು ಉದ್ದವಾಗಿಸುವ ವಿಧಾನವಿದೆ, ಕೇಳಿ ನೋಡಿ.

ಅಂದಾಜು ಖರ್ಚಿನ ಚೀಟಿಯಲ್ಲಿ ಕಾಣಿಸದ ಭಾಗವೆಂದರೆ ಆಮೇಲಿನ ಫಿಸಿಯೋಥೆರಪಿ. ಒಂದೆರಡು ವಾರದಲ್ಲೇ ಶುರುವಾಗಿ ತಿಂಗಳುಗಟ್ಟಲೆ ನಡೆಯಬೇಕು, ಕೆಲವರಿಗೆ ಆರು ವಾರದಿಂದ ಮೂರು ತಿಂಗಳು ಕತ್ತಿಗೆ ಹಾಕುವ ಆಧಾರಪಟ್ಟಿಯೂ ಬೇಕು. ಇದನ್ನು ಬಿಟ್ಟರೆ ಗಾಯದ ಕಲೆಯೇ ಎಳೆದುಕೊಂಡು ಹಳೆಯ ವಾಲು ಮರಳುತ್ತದೆ. ತಲೆ ನೆಟ್ಟಗಾಗುವುದು ಯಾವ ವಯಸ್ಸಿನಲ್ಲೂ ಸಾಧ್ಯ, ದೊಡ್ಡವರಲ್ಲೂ. ಮುಖದ ಓರೆ ತಾನಾಗಿ ತಿದ್ದಿಕೊಳ್ಳುವುದು ಮಾತ್ರ ಬೆಳವಣಿಗೆ ಬಾಕಿಯಿದ್ದವರಲ್ಲಿ. ಶಾಲೆಗೆ ಸೇರುವ ಮೊದಲೇ ಮುಗಿಸಿ ಎನ್ನುವುದು ಇದೇ ಕಾರಣಕ್ಕೆ.

ಹಲ್ಲು ಮತ್ತು ದವಡೆ

ಹಾಲುಹಲ್ಲು ಇಪ್ಪತ್ತೂ ಬರುವ ಹೊತ್ತಿಗೆ ಮೂರು ವರ್ಷ. ಆಗೊಮ್ಮೆ ನೋಡಿಸಿ, ಆದರೆ ಏನಾದರೂ ಹಾಕಿಸಲೇಬೇಕು ಎಂದುಕೊಂಡು ಹೋಗಬೇಡಿ. ಮೊದಲ ಶಾಶ್ವತ ದವಡೆಹಲ್ಲು ಆರರ ಸುಮಾರಿಗೆ ಬರುತ್ತದೆ, ಏಳನೇ ವರ್ಷದ ಪರೀಕ್ಷೆಗೆ ಅರ್ಥವಿರುವುದು ಅದರಿಂದ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮಗು ಬಾಯಿ ದೊಡ್ಡದಾಗಿ ತೆರೆಯಲಿ, ಮೇಲಿನ ಎರಡು ಮುಂಹಲ್ಲುಗಳ ನಡುಗೆರೆಯನ್ನೂ ಕೆಳಗಿನದನ್ನೂ ನೋಡಿ. ಈಗ ನಿಧಾನ ಮುಚ್ಚಲಿ. ತೆರೆದಾಗ ಕೂಡಿದ್ದ ಗೆರೆಗಳು ಹಲ್ಲು ತಾಗುವ ಕೊನೆಯ ಕ್ಷಣದಲ್ಲಿ ಪಕ್ಕಕ್ಕೆ ಜಾರಿದರೆ, ಮೇಲ್ದವಡೆ ಕಿರಿದಾಗಿ ಕೆಳದವಡೆ ಜಾಗ ಹುಡುಕಿ ಸರಿಯುತ್ತಿದೆ. ಇದು ಸುಲಭದ್ದು: ಏಳರಿಂದ ಹತ್ತರೊಳಗೆ ಮೇಲ್ದವಡೆ ಅಗಲಿಸುವ ಎಕ್ಸ್‌ಪ್ಯಾಂಡರ್, ಅದರ ಸ್ಕ್ರೂವಿನ ಒಂದು ತಿರುವಿಗೆ ಸುಮಾರು ಕಾಲು ಮಿ.ಮೀ., ಆಮೇಲೆ ಮೂರರಿಂದ ಆರು ತಿಂಗಳು ಹಾಗೇ ಇಡುವುದು. ನಡುವೆ ಮುಂಹಲ್ಲುಗಳಲ್ಲಿ ಸಂದು ಬಿದ್ದರೆ ಗಾಬರಿ ಬೇಡ, ಅದು ಕೆಲಸ ನಡೆಯುತ್ತಿರುವ ಗುರುತು. ಬಾಯಿ ತೆರೆದಾಗಲೂ ಗೆರೆ ಕೂಡದಿದ್ದರೆ ದವಡೆಯ ಮೂಳೆಯೇ ಓರೆ. ಆಗ ಬೆಳವಣಿಗೆಯನ್ನು ಒಂದು ಕಡೆ ಪ್ರೋತ್ಸಾಹಿಸುವ, ಎರಡು ಬದಿಗೆ ಬೇರೆ ಬೇರೆ ಎತ್ತರವಿರುವ ತೆಗೆದುಹಾಕುವ ಉಪಕರಣ ಕೊಡಬಹುದು. ಇದು ಮಗುವಿನ ಸಹಕಾರದ ಮೇಲೆ ನಿಂತ ಚಿಕಿತ್ಸೆ. ಪೆಟ್ಟಿಗೆಯಲ್ಲಿ ಕುಳಿತ ಉಪಕರಣ ಯಾರ ದವಡೆಯನ್ನೂ ಬೆಳೆಸಿಲ್ಲ.

ಕ್ಲಿಪ್ ಹಲ್ಲನ್ನು ಸರಿಸುತ್ತದೆ, ದವಡೆಯನ್ನಲ್ಲ. ಓರೆ ದವಡೆಯ ಮೇಲೆ ಹಲ್ಲುಗಳನ್ನು ಅಂದವಾಗಿ ಜೋಡಿಸಿಬಿಟ್ಟರೆ ನಗು ಚೆನ್ನಾಗುತ್ತದೆ, ಗದ್ದ ಅಲ್ಲೇ ಉಳಿಯುತ್ತದೆ. ಓರೆ ಅಲ್ಪವಾಗಿದ್ದು ಮಗುವಿಗೆ ಅದರ ಚಿಂತೆಯಿಲ್ಲದಿದ್ದರೆ ಇದೇ ಜಾಣ ಆಯ್ಕೆ. ಹೆಚ್ಚಿದ್ದರೆ ಬೆಳವಣಿಗೆ ನಿಂತ ಮೇಲೆ ದವಡೆಯ ಆಪರೇಷನ್. ಅದಕ್ಕೆ ಮೊದಲು ವರ್ಷಕ್ಕೂ ಮಿಕ್ಕಿ ಕ್ಲಿಪ್ ಬೇಕಾಗುವುದು ಸಾಮಾನ್ಯ, ಆ ಕ್ಲಿಪ್ಪಿನ ಗುರಿಯೇ ಬೇರೆ. ಎರಡು ಸಲ ಕ್ಲಿಪ್ ಹಾಕಿಸಿ ನವೆಯುವ ಬದಲು ಯಾವ ದಾರಿ ಎಂಬುದನ್ನು ಮೊದಲೇ ತೀರ್ಮಾನಿಸಿ.

ಕತ್ತಿನಲ್ಲಿ ಯಾವ ಬಿಗಿಯೂ ಇಲ್ಲದೆ ಗದ್ದ ಸರಿಯುತ್ತಿದ್ದರೆ ಬೇರೆ ಕಾರಣ ಹುಡುಕಬೇಕು. ದವಡೆ ಕೀಲಿನ ಸಂಧಿವಾತ ಮಕ್ಕಳಲ್ಲಿ ನೋವೇ ಇಲ್ಲದೆ ಬರಬಲ್ಲದು.

ಹಾಗಾದರೆ ನಿಮಗೆ ಯಾವುದು?

ಎರಡು ತಿಂಗಳ ಮಗು: ವ್ಯಾಯಾಮ ಮತ್ತು ಸೊಂಟದ ಪರೀಕ್ಷೆ, ಇವತ್ತೇ. ಬೇರೆ ಯಾವುದಕ್ಕೂ ದುಡ್ಡು ಎತ್ತಿಡಬೇಡಿ. ಏಳು ತಿಂಗಳು, ತಲೆ ತೀವ್ರ ಚಪ್ಪಟೆ: ಫಿಸಿಯೋಥೆರಪಿ ಮತ್ತು ಹೆಲ್ಮೆಟ್ ಜೊತೆಜೊತೆಗೆ, ಎರಡಕ್ಕೂ ಹಣವಿಲ್ಲವೆಂದರೆ ಫಿಸಿಯೋಥೆರಪಿಯನ್ನೇ ಉಳಿಸಿಕೊಳ್ಳಿ, ತಲೆಯ ಚಪ್ಪಟೆ ಎಷ್ಟೋ ಮಟ್ಟಿಗೆ ಕೂದಲಲ್ಲಿ ಮುಚ್ಚಿಹೋಗುತ್ತದೆ, ಕತ್ತಿನ ಬಿಗಿ ಮುಖವನ್ನು ಎಳೆಯುತ್ತಲೇ ಇರುತ್ತದೆ. ಮೂರು ವರ್ಷ, ಹಗ್ಗದಂಥ ಪಟ್ಟಿ: ಇನ್ನೊಂದು ವರ್ಷ ವ್ಯಾಯಾಮ ಎನ್ನುವುದಕ್ಕಿಂತ ಸರ್ಜನ್ನರ ಅಭಿಪ್ರಾಯ ಪಡೆಯುವುದು ಮೇಲು. ಎಂಟು ವರ್ಷ, ಕ್ರಾಸ್‌ಬೈಟ್: ಹಲ್ಲಿನ ಕುರ್ಚಿಗೆ ಹತ್ತುವ ಮೊದಲು ಕತ್ತು ಎರಡೂ ಕಡೆಗೆ ಸಮನಾಗಿ ತಿರುಗುತ್ತದೆಯೇ ನೋಡಿ. ಶೈಶವದ ನಾಲ್ಕಾರು ಫೋಟೋಗಳನ್ನು ಹಲ್ಲಿನ ಸಾಲು ತಿದ್ದುವ ವೈದ್ಯರಾದ ಆರ್ಥೊಡಾಂಟಿಸ್ಟರಿಗೆ ಒಯ್ಯಿರಿ, ಓರೆ ಹೆಚ್ಚುತ್ತಿದೆಯೋ ನಿಂತಿದೆಯೋ ಎಂಬುದು ಅವರಿಗೆ ಒಂದೇ ದಿನದ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಹದಿನೇಳರ ಹುಡುಗಿ, ಕತ್ತೂ ಓರೆ ಗದ್ದವೂ ಓರೆ: ಎರಡು ಆಪರೇಷನ್ ಬೇಕಾಗಬಹುದು, ಮೊದಲನೆಯದು ಕತ್ತಿನದು. ಆರು ತಿಂಗಳಿಂದ ವರ್ಷದ ಅಂತರದಲ್ಲಿ ತೆಗೆದ ಎರಡು ಎಕ್ಸ್‌ರೇಗಳಲ್ಲಿ ದವಡೆ ಬೆಳೆದಿಲ್ಲವೆಂದು ಖಾತ್ರಿಯಾದ ಮೇಲೆ ಎರಡನೆಯದರ ದಿನ ಗೊತ್ತುಮಾಡಿ.